ಅಮೆರಿಕದ ಸೀಮಾಪ್ರಾಂತದಲ್ಲಿ ರೈತನ ಆಸ್ತಿಯ ವಿಲೇವಾರಿ

ಮನುಷ್ಯನು ಕಣ್ಣು ಮುಚ್ಚಿದ ಗಳಿಗೆಯಲ್ಲಿಯೇ ಅವನು ಗಳಿಸಿದುದೆಲ್ಲವೂ ಒಡೆಯನಿಲ್ಲದ ವಸ್ತುವಾಗುತ್ತದೆ. ಉತ್ತ ಹೊಲ, ಸಾಕಿದ ದನ, ಕೊಟ್ಟ ಸಾಲ, ತಂದ ಸಾಲ ಇವುಗಳ ಗತಿಯೇನು? ಅವು ಯಾರಿಗೆ ಸೇರಬೇಕು, ಯಾವ ಕ್ರಮದಲ್ಲಿ ಸೇರಬೇಕು, ಸೇರುವವರೆಗೆ ಅವುಗಳನ್ನು ಕಾಯತಕ್ಕವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಸಮಾಜವೂ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಆ ಉತ್ತರದಲ್ಲಿ ಆ ಸಮಾಜದ ನ್ಯಾಯಬುದ್ಧಿಯೂ ಅದರ ಮಿತಿಯೂ ಒಟ್ಟಿಗೆ ಕಾಣಸಿಗುತ್ತವೆ.

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಪಲೇಷಿಯನ್ ಪರ್ವತಗಳನ್ನು ದಾಟಿ ಪಶ್ಚಿಮಕ್ಕೆ ಹೋಗಿ ನೆಲೆಸಿದ ಅಮೆರಿಕದ ರೈತರ ಮುಂದೆ ಈ ಪ್ರಶ್ನೆಗಳು ತೀವ್ರ ರೂಪದಲ್ಲಿ ನಿಂತವು. ಷಾನಿ, ಚೆರೋಕಿ ಮೊದಲಾದ ಮೂಲನಿವಾಸಿಗಳ ಬೇಟೆಯ ನೆಲವಾಗಿದ್ದ ಕೆಂಟುಕಿಯಲ್ಲಿ ಈ ರೈತರು ಕಾಡು ಕಡಿದು, ಮರದ ದಿಮ್ಮಿಗಳಿಂದ ಮನೆ ಕಟ್ಟಿಕೊಂಡು ವಾಸಿಸತೊಡಗಿದ್ದರು. ನೆಲಕ್ಕಾಗಿ ನಡೆದ ಕಾಳಗಗಳಲ್ಲಿ ಎರಡು ಕಡೆಯವರೂ ಸಾಯುತ್ತಿದ್ದರು. ರೋಗ, ಮರ ಬೀಳುವುದು, ನದಿಯ ಪ್ರವಾಹ ಇವುಗಳಿಂದಲೂ ಸಾವು ಹಠಾತ್ತಾಗಿ ಬರುತ್ತಿದ್ದಿತು. ಉಯಿಲು ಬರೆದಿಡುವ ಅವಕಾಶವಿಲ್ಲದೆಯೇ ಎಷ್ಟೋ ಮಂದಿ ತೀರಿಕೊಳ್ಳುತ್ತಿದ್ದರು. ಅಂಥವರ ಆಸ್ತಿಯನ್ನು ಕೌಂಟಿ ನ್ಯಾಯಾಲಯವು ಹೇಗೆ ವಿಲೇವಾರಿ ಮಾಡುತ್ತಿದ್ದಿತೆಂಬುದನ್ನೂ, ಆ ಕ್ರಮವು ಯಾರನ್ನು ಕಾಯಿತು, ಯಾರನ್ನು ಕಾಯಲಿಲ್ಲ ಎಂಬುದನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ವಿಧಾನದ ಸ್ವರೂಪ

ಮೃತನು ಉಯಿಲು ಬರೆದಿದ್ದರೆ ಅದನ್ನು ನ್ಯಾಯಾಲಯದ ಮುಂದೆ ತಂದು, ಸಾಕ್ಷಿಗಳ ಪ್ರಮಾಣದಿಂದ ಅದು ಅವನದೇ ಎಂದು ಸಿದ್ಧಪಡಿಸಬೇಕಾಗಿದ್ದಿತು. ಇದೇ ಪ್ರೊಬೇಟ್. ಉಯಿಲಿನಲ್ಲಿ ಹೆಸರಿಸಲ್ಪಟ್ಟ ನಿರ್ವಾಹಕನು ಆ ಮೇಲೆ ಆಸ್ತಿಯ ಹೊಣೆ ಹೊರುತ್ತಿದ್ದನು. ಉಯಿಲಿಲ್ಲದಿದ್ದರೆ ನ್ಯಾಯಾಲಯವೇ ಒಬ್ಬ ಆಡಳಿತಗಾರನನ್ನು ನೇಮಿಸಿ ಅವನಿಗೆ ಅಧಿಕಾರಪತ್ರ ಕೊಡುತ್ತಿದ್ದಿತು. ಭಾರತದ 1925ರ ಉತ್ತರಾಧಿಕಾರ ಕಾಯಿದೆಯಲ್ಲಿಯೂ ಪ್ರೊಬೇಟ್ ಮತ್ತು ಆಡಳಿತಪತ್ರ ಎಂಬ ಈ ಎರಡು ಬಗೆಗಳಿವೆ. ಎರಡು ದೇಶಗಳ ಕಾನೂನಿಗೂ ಮೂಲವು ಇಂಗ್ಲೆಂಡಿನ ನ್ಯಾಯಪದ್ಧತಿಯೇ.

ಆಡಳಿತಗಾರನಾಗುವ ಮೊದಲ ಹಕ್ಕು ಸಾಮಾನ್ಯವಾಗಿ ವಿಧವೆಯದು. ಆಕೆ ಒಲ್ಲೆನೆಂದರೆ ಬಂಧುವಿಗೋ ಸಾಲ ಕೊಟ್ಟವನಿಗೋ ಆ ಹೊಣೆ ಸೇರುತ್ತಿದ್ದಿತು. ಹೊಣೆ ಹೊತ್ತವನು ಜಾಮೀನುದಾರನೊಡನೆ ಮುಚ್ಚಳಿಕೆ ಬರೆದುಕೊಡಬೇಕು. ಅವನು ಆಸ್ತಿಯನ್ನು ನುಂಗಿದರೆ ಆ ಮೊತ್ತಕ್ಕೆ ಇಬ್ಬರೂ ಹೊಣೆಗಾರರು. ಅನಂತರ ನ್ಯಾಯಾಲಯವು ಮೂರು ನಾಲ್ಕು ಮಂದಿ ಮೌಲ್ಯಮಾಪಕರನ್ನು ನೇಮಿಸುತ್ತಿದ್ದಿತು. ಇವರು ಕಾನೂನು ಬಲ್ಲ ಪಂಡಿತರಲ್ಲ. ಕುದುರೆಯ ಹಲ್ಲು ನೋಡಿ ವಯಸ್ಸು ಹೇಳಬಲ್ಲ, ಕೊಡಲಿಯ ಅಲಗು ಮುಟ್ಟಿ ಬೆಲೆ ಕಟ್ಟಬಲ್ಲ ನೆರೆಯ ರೈತರು. ಇವರು ಪ್ರಮಾಣ ಸ್ವೀಕರಿಸಿ, ಮೃತನ ಮನೆಗೆ ಹೋಗಿ, ಕಂಡ ಕಂಡ ಚರವಸ್ತುಗಳನ್ನೆಲ್ಲ ಪಟ್ಟಿಮಾಡಿ ಬೆಲೆ ನಮೂದಿಸುತ್ತಿದ್ದರು.

ಪಟ್ಟಿ ಸಿದ್ಧವಾದ ಮೇಲೆ ಸಾಲಗಾರರಿಗೆ ತಿಳಿವಳಿಕೆ, ಅಗತ್ಯವಿದ್ದಲ್ಲಿ ಬಹಿರಂಗ ಲಿಲಾವು, ಸಾಲಗಳ ಸಂದಾಯ, ಕೊನೆಗೆ ಲೆಕ್ಕವೊಪ್ಪಿಸಿ ಉಳಿದುದರ ಹಂಚಿಕೆ, ಹೀಗೆ ಕಾರ್ಯ ಸಾಗುತ್ತಿದ್ದಿತು. ಸೀಮಾಪ್ರಾಂತದಲ್ಲಿ ನಗದು ಹಣ ವಿರಳವಾದುದರಿಂದ ಲಿಲಾವಿನಲ್ಲಿ ಕೊಂಡವರು ಹಲವು ತಿಂಗಳ ವಾಯಿದೆಯ ಪತ್ರ ಬರೆದುಕೊಡುವುದು ವಾಡಿಕೆ. ಗಂಡನ ಸಾಲ ತೀರಿಸುವುದಕ್ಕಾಗಿ ತಾನೇ ದಿನವೂ ಬಳಸುತ್ತಿದ್ದ ಪಾತ್ರೆಗಳನ್ನು ಲಿಲಾವಿನಲ್ಲಿ ಕೂಗಿ ಕೊಳ್ಳಬೇಕಾದ ವಿಧವೆಯರೂ ಇದ್ದರು.

ಒಂದು ಪಟ್ಟಿಯ ಸಾಕ್ಷ್ಯ

ಈ ಕ್ರಮವನ್ನು ಅರಿಯಲು ಕೆಂಟುಕಿಯ ಒಂದು ದಾಖಲೆ ಬಹಳ ಉಪಯುಕ್ತವಾಗಿದೆ. ಅಮೆರಿಕದ ಹದಿನಾರನೆಯ ಅಧ್ಯಕ್ಷ ಅಬ್ರಹಾಂ ಲಿಂಕನ್ನನ ತಾತನ ಹೆಸರೂ ಅಬ್ರಹಾಂ ಲಿಂಕನ್ ಎಂದೇ. ಈತನು ವರ್ಜೀನಿಯದಿಂದ ಬಂದು, ಇಂದಿನ ಲೂಯಿವಿಲ್ ನಗರಕ್ಕೆ ಸಮೀಪದ ಲಾಂಗ್ ರನ್ ಎಂಬ ಹಳ್ಳದ ಬಳಿ ನೆಲೆಸಿದ್ದನು. 1786ರ ಮೇ ತಿಂಗಳಲ್ಲಿ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಮೂಲನಿವಾಸಿಗಳ ದಾಳಿಗೆ ಸಿಕ್ಕಿ ಸತ್ತನು. ಉಯಿಲಿರಲಿಲ್ಲ. ಹೆಂಡತಿ ಬತ್‌ಷೀಬಾ ಮತ್ತು ಮಾರ್ಡೆಕಾಯ್, ಜೋಸೈಯ, ಮೇರಿ, ಥಾಮಸ್, ನ್ಯಾನ್ಸಿ ಎಂಬ ಐವರು ಮಕ್ಕಳು ಉಳಿದರು. ಕಿರಿಯ ಮಗ ಥಾಮಸ್‌ನಿಗೆ ಆಗ ಸುಮಾರು ಎಂಟು ವರ್ಷ.

ವಿಧವೆಯು ಮಕ್ಕಳೊಡನೆ ನೆಲ್ಸನ್ ಕೌಂಟಿಯ ಕಡೆಗೆ ಹೋದುದರಿಂದ ಅಲ್ಲಿಯ ನ್ಯಾಯಾಲಯದಲ್ಲಿಯೇ ವ್ಯವಹಾರ ನಡೆಯಿತು. 1788ರ ಅಕ್ಟೋಬರಿನಲ್ಲಿ ಜಾನ್ ಕೋಲ್ಡ್‌ವೆಲ್ ಎಂಬಾತನು ಆಡಳಿತಗಾರನಾಗಿ ನೇಮಕಗೊಂಡು, ರಿಚರ್ಡ್ ಪಾರ್ಕರನ ಜಾಮೀನಿನ ಮೇಲೆ 1,000 ಪೌಂಡುಗಳ ಮುಚ್ಚಳಿಕೆ ಬರೆದುಕೊಟ್ಟನು. ನಾಲ್ವರು ಮೌಲ್ಯಮಾಪಕರು ನೇಮಕಗೊಂಡರು. ಅವರ ಪಟ್ಟಿಯು 1789ರ ಮಾರ್ಚ್ 10ರಂದು ನ್ಯಾಯಾಲಯಕ್ಕೆ ಬಂದಿತು. ಸಾವು ಸಂಭವಿಸಿ ಆ ವೇಳೆಗೆ ಮೂರು ವರ್ಷಗಳಾಗುತ್ತ ಬಂದಿದ್ದವು.

ಈ ಪಟ್ಟಿಯ ಒಟ್ಟು ಮೊತ್ತ 68 ಪೌಂಡು 16 ಷಿಲಿಂಗು 6 ಪೆನ್ಸ್. ಅದರಲ್ಲಿ ಸುಮಾರು ಅರ್ಧದಷ್ಟು ಬೆಲೆ ಕುದುರೆ ದನಗಳದೇ. ಕೆಂಗಂದು ಬಣ್ಣದ ಕುದುರೆಗೆ 8 ಪೌಂಡು, ಕರಿಯ ಕುದುರೆಗೆ 9 ಪೌಂಡು 10 ಷಿಲಿಂಗು. ಕರುವಿನೊಡನೆ ಕೆಂಪು ಹಸುವೊಂದಕ್ಕೆ 4 ಪೌಂಡು 10 ಷಿಲಿಂಗು. ಹಕ್ಕಿಯ ಗರಿ ತುಂಬಿದ ಹಾಸಿಗೆಯೊಂದಕ್ಕೆ ಹೊದಿಕೆಗಳೊಡನೆ 5 ಪೌಂಡು 10 ಷಿಲಿಂಗು. ಎಂದರೆ ಕರೆಯುವ ಹಸುವಿಗಿಂತ ಮಲಗುವ ಹಾಸಿಗೆಯೇ ಬೆಲೆಯುಳ್ಳದ್ದು. ಕಬ್ಬಿಣದ ಅಡಿಗೆಯ ಪಾತ್ರೆಗಳಿಗೆ ಬೆಲೆ ಕಟ್ಟಿದ ಬಗೆ ಇನ್ನೂ ಗಮನಾರ್ಹವಾದುದು. ಒಂದರ ತೂಕ 15 ಪೌಂಡು, ಬೆಲೆ 15 ಷಿಲಿಂಗು. ಮತ್ತೊಂದರ ತೂಕ 12 ಪೌಂಡು, ಬೆಲೆ 12 ಷಿಲಿಂಗು. ಪಾತ್ರೆಯ ಅಂದಚೆಂದಕ್ಕೆ ಬೆಲೆಯಿಲ್ಲ. ಬೆಟ್ಟ ದಾಟಿ ಬರಬೇಕಾದ ಕಬ್ಬಿಣದ ತೂಕಕ್ಕೆ ಬೆಲೆ.

ಮೂರು ಬಂದೂಕುಗಳು, ನೇಗಿಲು, ಮೂರು ಕಳೆಗುದ್ದಲಿಗಳು, ಗರಗಸ, ಬೈರಿಗೆಗಳು, ಚರ್ಮ ಹದಮಾಡುವ ಕತ್ತಿ, ಒಂದು ಡಜನ್ ತವರಮಿಶ್ರಿತ ಲೋಹದ ತಟ್ಟೆಗಳು, ಒಂದು ಕೊಡಲಿ. ಇಡೀ ಒಂದು ಬಾಳು ಈ ಪಟ್ಟಿಯಲ್ಲಿ ಅಡಗಿದೆ. ನಾರಗಸೆಯ ನೂಲು ತೆಗೆಯುವ ರಾಟೆಯೂ 6 ಷಿಲಿಂಗಿನ ಬೆಲೆಯೊಡನೆ ಮೃತನ ಸ್ವತ್ತಾಗಿಯೇ ಸೇರಿದೆ. ನೂಲುವ ಕೆಲಸ ಮನೆಯ ಹೆಂಗಸರದು. ಆದರೆ ಅಂದಿನ ಕಾನೂನಿನಲ್ಲಿ ವಿವಾಹಿತ ಸ್ತ್ರೀಗೆ ಗಂಡನಿಂದ ಬೇರೆಯಾದ ಸ್ವಂತ ಚರಾಸ್ತಿ ಇರಲಿಲ್ಲವಾದುದರಿಂದ ಆಕೆ ಬಳಸಿದ ಉಪಕರಣವೂ ಅವನ ಆಸ್ತಿಯೇ ಆಯಿತು.

ಪಟ್ಟಿಗೆ ಸೇರದ ಭೂಮಿ

ಈ ಪಟ್ಟಿಯನ್ನು ಮಾತ್ರ ನೋಡಿದವರು ಇವನೊಬ್ಬ ಬಡ ರೈತನೆಂದು ಭಾವಿಸಿಯಾರು. ವಾಸ್ತವದಲ್ಲಿ ಕೆಂಟುಕಿಯಲ್ಲಿ ಅವನು ಹಕ್ಕು ಹೊಂದಿದ್ದ ಭೂಮಿ 5,000 ಎಕರೆಗಿಂತ ಹೆಚ್ಚು. ಅದರ ಒಂದು ಎಕರೆಯೂ ಪಟ್ಟಿಯಲ್ಲಿಲ್ಲ. ಏಕೆಂದರೆ ಚರಾಸ್ತಿ ಮಾತ್ರ ಆಡಳಿತಗಾರನ ಕೈಗೆ ಬರುತ್ತಿದ್ದಿತು. ಸಾಲ ಕಳೆದು ಉಳಿದುದು ವಿಧವೆಗೂ ಮಕ್ಕಳಿಗೂ ಹಂಚಿಹೋಗುತ್ತಿದ್ದಿತು. ಭೂಮಿಯಾದರೋ ಒಡೆಯನು ಸತ್ತ ಕ್ಷಣದಲ್ಲಿಯೇ ವಾರಸುದಾರನಿಗೆ ನೇರವಾಗಿ ಸಲ್ಲುತ್ತಿದ್ದಿತು. ವಿಧವೆಗೆ ಅದರ ಮೂರನೆಯ ಒಂದು ಭಾಗವನ್ನು ಬದುಕಿರುವವರೆಗೆ ಅನುಭವಿಸುವ ಹಕ್ಕು ಮಾತ್ರ.

ಹಾಗಾದರೆ ವಾರಸುದಾರನು ಯಾರು? ಕೆಂಟುಕಿಯು ಆಗ ವರ್ಜೀನಿಯದ ಭಾಗ. ಪ್ರತ್ಯೇಕ ರಾಜ್ಯವಾದುದು 1792ರಲ್ಲಿ. ವರ್ಜೀನಿಯದಲ್ಲಿ ಇಂಗ್ಲೆಂಡಿನ ಹಳೆಯ ಕ್ರಮದಂತೆ ಉಯಿಲಿಲ್ಲದೆ ಸತ್ತವನ ಭೂಮಿಯೆಲ್ಲವೂ ಹಿರಿಯ ಮಗನದು. ಈ ಜ್ಯೇಷ್ಠಾಧಿಕಾರವನ್ನು ಕಿತ್ತೊಗೆಯಬೇಕೆಂದು ಥಾಮಸ್ ಜೆಫರ್ಸನ್ ಮಸೂದೆಯೊಂದನ್ನು ಸಿದ್ಧಪಡಿಸಿದ್ದನು. ಹಿರಿಯನಿಗೆ ಇಮ್ಮಡಿ ಪಾಲನ್ನಾದರೂ ಉಳಿಸೋಣವೆಂದು ಸಹೋದ್ಯೋಗಿ ಎಡ್ಮಂಡ್ ಪೆಂಡಲ್ಟನ್ ಸೂಚಿಸಿದಾಗ, ಹಿರಿಯನು ಇಮ್ಮಡಿ ಉಣ್ಣುವವನೂ ಇಮ್ಮಡಿ ದುಡಿಯುವವನೂ ಆಗಿದ್ದರೆ ಮಾತ್ರ ಅದು ನ್ಯಾಯವೆಂದು ಜೆಫರ್ಸನ್ ಉತ್ತರಿಸಿದನು. ಮಸೂದೆ 1785ರಲ್ಲಿ ಅಂಗೀಕೃತವಾಯಿತು. ಆದರೆ ಜಾರಿಗೆ ಬಂದುದು 1787ರ ಜನವರಿ 1ರಂದು.

ಅಬ್ರಹಾಂ ಲಿಂಕನ್ ಸತ್ತುದು ಅದಕ್ಕೆ ಎಂಟು ತಿಂಗಳಷ್ಟು ಮೊದಲು. ಭೂಮಿಯೆಲ್ಲವೂ ಹಿರಿಯ ಮಗ ಮಾರ್ಡೆಕಾಯ್‌ಗೆ ಸೇರಿತು. ಕಿರಿಯ ಥಾಮಸ್‌ನ ಪಾಲಿಗೆ ತುಂಡು ನೆಲವೂ ಬರಲಿಲ್ಲ. ಬಾಲ್ಯದಲ್ಲಿಯೇ ಪರರ ಹೊಲಗಳಲ್ಲಿ ದುಡಿಯುತ್ತ, ಅಕ್ಷರ ಕಲಿಯದೆ, ಮರಗೆಲಸವನ್ನು ಅಭ್ಯಾಸಮಾಡಿಕೊಂಡು ಅವನು ಬೆಳೆದನು. 1803ರಲ್ಲಿ 118 ಪೌಂಡು ಕೊಟ್ಟು 238 ಎಕರೆಯ ಹೊಲವನ್ನು ಕೊಂಡಾಗ ಅದು ಅವನ ಸ್ವಂತ ದುಡಿಮೆಯ ಫಲವಾಗಿದ್ದಿತು. ಈ ಥಾಮಸ್‌ನೇ ಅಧ್ಯಕ್ಷ ಲಿಂಕನ್ನನ ತಂದೆ.

ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಆಡಳಿತಗಾರನು ಮುಚ್ಚಳಿಕೆ ಬರೆದುಕೊಟ್ಟನು; ಮೌಲ್ಯಮಾಪಕರು ಒಂದೂವರೆ ಷಿಲಿಂಗಿನ ದೀಪಸ್ತಂಭವನ್ನೂ ಬಿಡದೆ ಬರೆದರು. ವಿಧಾನವು ಪ್ರಾಮಾಣಿಕವಾಗಿದ್ದಿತು. ಆದರೆ ಯಾರನ್ನು ವಾರಸುದಾರನೆಂದು ಗಣಿಸಬೇಕೆಂಬ ನಿಯಮದಲ್ಲಿಯೇ ಅಸಮತೆ ಇದ್ದಾಗ ಲೆಕ್ಕದ ಪ್ರಾಮಾಣಿಕತೆಯೊಂದರಿಂದಲೇ ನ್ಯಾಯ ದೊರೆಯಲಾರದು.

ಹೊಸ ನಿಯಮ

ಒಹಾಯೊ ನದಿಯ ಉತ್ತರದ ಪ್ರದೇಶಕ್ಕಾಗಿ 1787ರ ಜುಲೈ 13ರಂದು ಅಮೆರಿಕದ ಕಾಂಗ್ರೆಸ್ಸು ವಾಯವ್ಯ ಸುಗ್ರೀವಾಜ್ಞೆಯನ್ನು ಹೊರಡಿಸಿತು. ರಾಜ್ಯಪಾಲ, ನ್ಯಾಯಾಧೀಶರ ವಿಷಯವನ್ನು ಹೇಳುವುದಕ್ಕೂ ಮೊದಲೇ ಆ ಶಾಸನವು ಉತ್ತರಾಧಿಕಾರದ ಮಾತನ್ನೆತ್ತುತ್ತದೆ. ಉಯಿಲಿಲ್ಲದೆ ಸತ್ತವನ ಆಸ್ತಿ ಮಕ್ಕಳೆಲ್ಲರಿಗೂ ಸಮಪಾಲು. ಗಂಡು ಹೆಣ್ಣೆಂಬ ಭೇದವನ್ನು ಅದು ಮಾಡಲಿಲ್ಲ. ವಿಧವೆಗೆ ಭೂಮಿಯ ಮೂರನೆಯ ಒಂದು ಭಾಗ ಜೀವಾವಧಿಗೆ, ಚರಾಸ್ತಿಯ ಮೂರನೆಯ ಒಂದು ಭಾಗ ಪೂರ್ಣವಾಗಿ. ಉಯಿಲಿಗೆ ಮೂವರು ಸಾಕ್ಷಿಗಳು. ಅದೇ ಶಾಸನವು ಆ ಪ್ರದೇಶದಲ್ಲಿ ಗುಲಾಮಗಿರಿಯನ್ನೂ ನಿಷೇಧಿಸಿತು.

ಈ ಕೊನೆಯ ಅಂಶವು ಆಸ್ತಿಯ ವಿಷಯಕ್ಕೆ ಹೊರತಾದುದಲ್ಲ. ನದಿಯ ದಕ್ಷಿಣಕ್ಕೆ, ಕೆಂಟುಕಿಯನ್ನೂ ಒಳಗೊಂಡು, ಇಂಥ ಪಟ್ಟಿಗಳಲ್ಲಿ ಕುದುರೆ ಹಸುಗಳ ಸಾಲಿನಲ್ಲಿಯೇ ಗುಲಾಮರಾದ ಸ್ತ್ರೀಪುರುಷರ, ಎಳೆಯ ಮಕ್ಕಳ ಹೆಸರುಗಳೂ ಬೆಲೆಯೊಡನೆ ಬರುತ್ತಿದ್ದವು. ಒಡೆಯನು ಸತ್ತಾಗ ವಾರಸುದಾರರೊಳಗೆ ಪಾಲುಮಾಡುವುದಕ್ಕಾಗಿ ತಾಯಿ ಒಬ್ಬರಿಗೆ, ಮಗು ಇನ್ನೊಬ್ಬರಿಗೆ ಹೋಗುವುದುಂಟು. ಒಂದು ಮನೆಯ ಮಕ್ಕಳಿಗೆ ಸಮಪಾಲು ಸಿಗಲೆಂದು ಇನ್ನೊಂದು ಸಂಸಾರವು ಹರಿದು ಹಂಚಿಹೋಗುತ್ತಿದ್ದಿತು. ಹಾಗೆಯೇ, ಯಾರ ನೆಲದ ಮೇಲೆ ಈ ಹೊಲಗಳು ಎದ್ದಿದ್ದವೋ ಆ ಮೂಲನಿವಾಸಿಗಳ ಹಕ್ಕನ್ನು ಯಾವ ಕೌಂಟಿಯ ಪಟ್ಟಿಯೂ ಲೆಕ್ಕಕ್ಕೆ ತರಲಿಲ್ಲ.

ಥಾಮಸ್ ಲಿಂಕನ್ ಕೆಂಟುಕಿಯಲ್ಲಿ ಹೊಲಗಳನ್ನು ಕೊಂಡರೂ ನೆಮ್ಮದಿಯಿಂದ ಇರಲಾಗಲಿಲ್ಲ. ಅಲ್ಲಿ ಪ್ರತಿಯೊಬ್ಬನೂ ತನಗೆ ತೋರಿದಂತೆ ಮರ, ಹಳ್ಳಗಳನ್ನೇ ಗುರುತಾಗಿಟ್ಟು ಅಳೆಯಿಸಿಕೊಂಡಿದ್ದುದರಿಂದ ಒಬ್ಬನ ಮೇರೆ ಇನ್ನೊಬ್ಬನ ಮೇರೆಯ ಮೇಲೆ ಹಾಯುತ್ತಿದ್ದಿತು. ಹಕ್ಕಿನ ವ್ಯಾಜ್ಯಗಳಿಂದ ಬೇಸತ್ತು 1816ರಲ್ಲಿ ಅವನು ಸಂಸಾರಸಮೇತ ಒಹಾಯೊ ನದಿಯನ್ನು ದಾಟಿ ಇಂಡಿಯಾನಕ್ಕೆ ಹೋದನು. ಅಲ್ಲಿ ಸರ್ಕಾರವೇ ಮೊದಲು ಭೂಮಿಯನ್ನು ಚೌಕಚೌಕವಾಗಿ ಅಳೆದು ಆ ಮೇಲೆ ಮಾರುತ್ತಿದ್ದಿತು. ಹಕ್ಕುಪತ್ರ ಖಚಿತವಾಗಿಲ್ಲದಿದ್ದರೆ ವಾರಸುದಾರನಿಗೆ ದಾಟುವುದು ಭೂಮಿಯಲ್ಲ, ವ್ಯಾಜ್ಯ ಎಂಬುದನ್ನು ಆ ಸಂಸಾರವು ಅನುಭವದಿಂದ ಕಲಿತಿದ್ದಿತು.

ಮೂರನೆಯ ತಲೆಮಾರು

ಥಾಮಸ್‌ನ ಮಗನು ಮುಂದೆ ಇಲಿನಾಯ್‌ನಲ್ಲಿ ವಕೀಲನಾದನು. 1841ರಲ್ಲಿ ತಂದೆಯಿಂದ 40 ಎಕರೆಯನ್ನು 200 ಡಾಲರಿಗೆ ಕೊಂಡು, ತಂದೆಯೂ ಮಲತಾಯಿಯೂ ಬದುಕಿರುವವರೆಗೆ ಅದನ್ನು ಅನುಭವಿಸಬೇಕೆಂದು ಪತ್ರದಲ್ಲಿಯೇ ಬರೆಯಿಸಿದನು. ಮುಪ್ಪಿನಲ್ಲಿ ನೆಲ ತಪ್ಪದಂತೆ ಮಾಡಿದ ಈ ಏರ್ಪಾಡಿನಲ್ಲಿ ಮಗನ ಮಮತೆಯೂ ವಕೀಲನ ಎಚ್ಚರವೂ ಕೂಡಿವೆ.

ಹೀಗಿದ್ದೂ 1865ರ ಏಪ್ರಿಲ್ 15ರಂದು ಕೊಲೆಗಾರನ ಗುಂಡಿಗೆ ಬಲಿಯಾದಾಗ ಅಧ್ಯಕ್ಷ ಲಿಂಕನ್ ಕೂಡ ಉಯಿಲು ಬರೆದಿಟ್ಟಿರಲಿಲ್ಲ. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಡೇವಿಡ್ ಡೇವಿಸ್ ಆಡಳಿತಗಾರನಾಗಿ, ತನಗೆ ಸಲ್ಲಬಹುದಾಗಿದ್ದ ಶುಲ್ಕವನ್ನೂ ಬಿಟ್ಟುಕೊಟ್ಟು 1867ರಲ್ಲಿ ಲೆಕ್ಕ ತೀರಿಸಿದನು. 1,10,000 ಡಾಲರಿಗೂ ಮಿಕ್ಕಿದ ಮೊತ್ತವು ವಿಧವೆ ಮೇರಿ, ಮಕ್ಕಳಾದ ರಾಬರ್ಟ್ ಮತ್ತು ಟ್ಯಾಡ್ ಈ ಮೂವರಿಗೂ ಸಮನಾಗಿ, ತಲಾ ಸುಮಾರು 36,765 ಡಾಲರಿನಂತೆ ಹಂಚಿಕೆಯಾಯಿತು. ಆಗಿನ್ನೂ ಬಾಲಕನಾಗಿದ್ದ ಟ್ಯಾಡ್‌ನಿಗೂ ಅಣ್ಣನಿಗೆ ಬಂದಷ್ಟೇ ಬಂದಿತು.

ತಾತನೂ ಮೊಮ್ಮಗನೂ ಉಯಿಲಿಲ್ಲದೆ, ಪರರ ಕೈಯಿಂದ ಸತ್ತರು. ಮುಚ್ಚಳಿಕೆ, ಪಟ್ಟಿ, ಲೆಕ್ಕ ಎಂಬ ವಿಧಾನವು ಎರಡು ಕಡೆಯೂ ಒಂದೇ. ಒಂದು ಕಡೆ ಕಿರಿಯ ಮಗನು ಕೂಲಿಗೆ ಹೋದನು. ಇನ್ನೊಂದು ಕಡೆ ಕಿರಿಯ ಮಗನಿಗೆ ಸಮಪಾಲು ದೊರೆಯಿತು. ನಡುವೆ ಬದಲಾದುದು ಕಾನೂನು. ಉತ್ತರಾಧಿಕಾರದ ನಿಯಮವು ಪ್ರಕೃತಿಸಿದ್ಧವಾದುದಲ್ಲ, ಮನುಷ್ಯರು ಮಾಡಿದುದು. ಆದುದರಿಂದಲೇ ಮನುಷ್ಯರು ಅದನ್ನು ತಿದ್ದಬಲ್ಲರು. ತಿದ್ದುವ ಕಾರ್ಯವು ತಡವಾದಷ್ಟೂ ಅದರ ಬೆಲೆಯನ್ನು ತೆರತಕ್ಕವರು ಮನೆಯ ಅತ್ಯಂತ ಕಿರಿಯರು.