ಶಿಖರ ಹದಿನೈದು, ಏರು ಮೂರು

ವೇಲ್ಸ್ ನಾಡಿನ ವಾಯವ್ಯ ಮೂಲೆಯ ಸ್ನೋಡೋನಿಯಾ ಬೆಟ್ಟಸೀಮೆಯಲ್ಲಿ 3,000 ಅಡಿ, ಅಂದರೆ 914 ಮೀಟರ್ ದಾಟುವ ಶಿಖರಗಳು 15. ಅಷ್ಟನ್ನೂ ಬೇಸಿಗೆಯ ಒಂದೇ ದಿನದಲ್ಲಿ ನಡೆದು ಮುಗಿಸುವುದು ಬ್ರಿಟನ್ನಿನ ಚಾರಣಿಗರ ಬಹುಕಾಲದ ಹಂಬಲ. 1938ರಲ್ಲಿ ಥಾಮಸ್ ಫರ್‌ಬ್ಯಾಂಕ್ ಇದನ್ನು ಒಂಬತ್ತು ಗಂಟೆಯೊಳಗೆ ಮುಗಿಸಿ ಹೆಸರಾದರು. ಅಂದಿನಿಂದ ಇಂದಿನವರೆಗೂ ಈ ನಡಿಗೆಯ ಮಾತು ಬಂದಾಗಲೆಲ್ಲ ಎಷ್ಟು ಶಿಖರ ಆಯಿತು ಎಂಬ ಲೆಕ್ಕವೇ ಮುಂದೆ ಬರುತ್ತದೆ. ಆ ಲೆಕ್ಕ ಹೊಸಬರನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಇಲ್ಲಿ ಕಾಲಿನ ಕಸುವನ್ನೂ ಹಗಲನ್ನೂ ತಿನ್ನುವುದು ಶಿಖರಗಳಲ್ಲ, ಅವುಗಳ ನಡುವಿನ ಕಣಿವೆಗಳು.

ನೆಲದ ರಚನೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹದಿನೈದೂ ಶಿಖರಗಳು ಮೂರು ಸಾಲುಗಳಲ್ಲಿ ಹಂಚಿಹೋಗಿವೆ. ಮೊದಲ ಸಾಲಿನಲ್ಲಿ 1,085 ಮೀಟರ್ ಎತ್ತರದ ಸ್ನೋಡನ್ ಸೇರಿ ಮೂರು. ನಡುವಿನ ಗ್ಲಿಡರ್ ಸಾಲಿನಲ್ಲಿ ಐದು. ಉತ್ತರದ ಕಾರ್ನೆದೈ ಸಾಲಿನಲ್ಲಿ ಏಳು. ಮೊದಲ ಸಾಲಿನ ಕೊನೆಗೆ ಕ್ರಿಬ್ ಗೋಖ್ ಎಂಬ ಕತ್ತಿಯಲಗಿನಂಥ ಬಂಡೆಯ ಏಣು. ಕೈಗಳನ್ನೂ ಊರಿ ಅದನ್ನು ದಾಟಿದ ಮೇಲೆ, ಸುಮಾರು 800 ಮೀಟರ್ ಕೆಳಗಿರುವ ನಾಂಟ್ ಪೆರಿಸ್ ಹಳ್ಳಿಯ ಡಾಂಬರು ರಸ್ತೆಗೆ ಇಳಿಯಬೇಕು. ಎದುರಿಗೇ ಎಲಿಡಿರ್ ವೌರ್ ನಿಂತಿರುತ್ತದೆ. ಇಳಿದಷ್ಟನ್ನೂ ಮತ್ತೆ ಹತ್ತಬೇಕು. ಗ್ಲಿಡರ್ ಸಾಲು ಮುಗಿಸಿ ಟ್ರವಾನ್ ಬೆಟ್ಟದಿಂದ ಓಗ್ವೆನ್ ಕೆರೆಯ ದಂಡೆಗೆ ಇಳಿದರೆ ಇದೇ ಕತೆ: 600 ಮೀಟರ್ ಇಳಿತ, ಪೆನ್ ಅರ್ ಓಲೆ ವೆನ್ ನೆತ್ತಿಗೆ 670 ಮೀಟರ್ ಏರು. ಆಮೇಲಿನ ಆರು ಶಿಖರಗಳು ಎತ್ತರದ ಹುಲ್ಲುದಿಬ್ಬಗಳ ಮೇಲೆಯೇ ಸಾಗುವ ದಾರಿಯಲ್ಲಿವೆ. ಆ ಆರಕ್ಕೂ ಸೇರಿ ಹತ್ತುವ ಎತ್ತರ ಪೆನ್ ಅರ್ ಓಲೆ ವೆನ್ ಒಂದಕ್ಕೆ ಹತ್ತಿದಷ್ಟನ್ನೂ ಮೀರುವುದಿಲ್ಲ. ಇಡೀ ದಿನದ ಏರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಎರಡು ಏರು ಮತ್ತು ಬೆಳಗಿನ ಮೊದಲ ಏರಿಗೇ ಸಲ್ಲುತ್ತದೆ.

ಸಮಯವನ್ನು ಲೆಕ್ಕ ಹಾಕಲು 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಎರಡೂ ತುದಿಗಳ ದಾರಿ ಸೇರಿ ಸುಮಾರು 45 ಕಿಲೋಮೀಟರ್ ನಡಿಗೆ, 3,500 ಮೀಟರ್ ಮೀರಿದ ಏರು. ಸೂತ್ರ ಕೊಡುವ ಉತ್ತರ 15 ಗಂಟೆಗೂ ಹೆಚ್ಚು, ಅದೂ ಎಲ್ಲೂ ಕೂರದೆ. ಜೂನ್ ಕೊನೆಯ ವಾರದಲ್ಲಿ ಅಲ್ಲಿನ ಹಗಲು ಸುಮಾರು 17 ಗಂಟೆ. (ಬೆಂಗಳೂರಿನ ಅತಿ ದೀರ್ಘ ಹಗಲು 13 ಗಂಟೆಯ ಆಸುಪಾಸು, ಅಲ್ಲಿನ ವೇಳಾಪಟ್ಟಿಯನ್ನು ನಮ್ಮ ಘಟ್ಟಗಳಿಗೆ ಹಾಗೆಯೇ ತರುವವರು ಈ ನಾಲ್ಕು ಗಂಟೆಯನ್ನು ನೆನಪಿಡಬೇಕು.) ಮೂಲ ಸೂತ್ರದಲ್ಲಿ ಇಳಿತಕ್ಕೆ ಜಾಗವೇ ಇಲ್ಲ. ಮುಂದೆ ಎರಿಕ್ ಲ್ಯಾಂಗ್‌ಮ್ಯೂರ್ ಅದನ್ನು ತಿದ್ದಿದರು: ಇಳಿಜಾರು ಹಗುರಾಗಿದ್ದರೆ ಸಮಯ ಉಳಿಯುತ್ತದೆ, 12 ಡಿಗ್ರಿಗಿಂತ ಕಡಿದಾಗಿದ್ದರೆ ಪ್ರತಿ 300 ಮೀಟರ್ ಇಳಿತಕ್ಕೆ ಹತ್ತು ನಿಮಿಷ ಕೂಡಿಸಬೇಕು. ಈ ತಿದ್ದುಪಡಿಗೆ ದೇಹದಲ್ಲೇ ಕಾರಣವಿದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯುತ್ತದೆ. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಂಥ ಕೆಲಸದಲ್ಲೇ. ಉಸಿರು ಕಟ್ಟದಿರುವುದರಿಂದ ಆ ದಣಿವು ಆಗ ತಿಳಿಯುವುದಿಲ್ಲ. ಮುಂದಿನ ಏರಿನಲ್ಲಿ ಮಂಡಿ ಅದನ್ನು ತೋರಿಸುತ್ತದೆ.

ದಾಖಲೆಗಳನ್ನು ಮುಂದಿಟ್ಟು ಈ ಮಾತನ್ನು ಅಲ್ಲಗಳೆಯುವವರಿದ್ದಾರೆ. 1988ರಲ್ಲಿ ಕಾಲಿನ್ ಡಾನೆಲಿ ಇದೇ ದಾರಿಯನ್ನು 4 ಗಂಟೆ 19 ನಿಮಿಷದಲ್ಲಿ ಓಡಿದ್ದು ನಿಜ. ಆದರೆ ಗಡಿಯಾರ ಶುರುವಾಗುವುದು ಮೊದಲ ಶಿಖರದ ನೆತ್ತಿಯಲ್ಲಿ, ನಿಲ್ಲುವುದು ಕೊನೆಯದರ ನೆತ್ತಿಯಲ್ಲಿ. ಬೆಳಗಿನ ಏರೂ ಸಂಜೆಯ ಇಳಿತವೂ ಆ ಅಂಕಿಯ ಹೊರಗೇ ಉಳಿಯುತ್ತವೆ. ಸಾಮಾನ್ಯ ಚಾರಣಿಗರು ಅವನ್ನು ಬಿಡುವಂತಿಲ್ಲ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಜನರನ್ನು ಬೆಟ್ಟಕ್ಕೆ ಕರೆಯುವುದೇ ಶಿಖರಗಳ ಎಣಿಕೆ, ಅದನ್ನು ಕಿತ್ತುಕೊಂಡರೆ ಹುಮ್ಮಸ್ಸು ಎಲ್ಲಿಂದ ಬಂದೀತು? ಒಪ್ಪುತ್ತೇನೆ. ಮುಖ್ಯ ಸಾಲಿನಿಂದ ಪಕ್ಕಕ್ಕೆ ಸರಿದು ನಿಂತ ಅರ್ ಎಲೆನ್ ಶಿಖರಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವಂತೆ ಮಾಡುವುದು ಆ ಎಣಿಕೆಯೇ. ಅದಿಲ್ಲದಿದ್ದರೆ ಆ ಚೆಲುವಾದ ಬೆಟ್ಟವನ್ನು ಎಷ್ಟೋ ಜನ ಮುಟ್ಟುತ್ತಲೇ ಇರಲಿಲ್ಲ. ಎಣಿಕೆ ಆಸೆಗಿರಲಿ, ಯೋಜನೆಗೆ ಬೇಡ. ಓಗ್ವೆನ್ ರಸ್ತೆಗೆ ಬಂದವರು ಎಂಟು ಶಿಖರ ಮುಗಿಯಿತು, ಅರ್ಧ ದಾಟಿದೆವು ಎಂದು ಹಿಗ್ಗುವ ಮೊದಲು ಗಡಿಯಾರ ನೋಡಬೇಕು. ಅಲ್ಲಿಂದ ಕಾರ್ನೆದೈ ಸಾಲು ಹತ್ತಿ, ದಾಟಿ, ಕಡಲ ಕಡೆಗೆ ಇಳಿಯಲು ನೇಸ್ಮಿತ್ ಲೆಕ್ಕದಲ್ಲೇ ಸುಮಾರು ಏಳು ಗಂಟೆ ಬೇಕು. ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಮಧ್ಯಾಹ್ನ ಎರಡೂವರೆ ಮೀರಿದ್ದರೆ ರಸ್ತೆಯಲ್ಲೇ ನಿಲ್ಲುವುದು ಸರಿ. ಉಳಿದ ಏಳು ಶಿಖರಗಳಿಗೆ ಇನ್ನೊಂದು ದಿನ ಮೀಸಲಿಡಬಹುದು.