ಹಳೆಯ ದಾಖಲೆ ಅಳಿಸಿದ ತಕ್ಷಣ ಡಿಸ್ಕ್ ಖಾಲಿಯಾಗುತ್ತದೆಯೇ?

ಫೋನಿನಲ್ಲಿ 'ಸ್ಟೋರೇಜ್ ಫುಲ್' ಎಂದು ಬಂದರೆ ನಾವೆಲ್ಲ ಹಳೆಯ ಫೋಟೊ, ವಿಡಿಯೊ ಡಿಲೀಟ್ ಮಾಡುತ್ತೇವೆ, ಜಾಗ ಸಿಗುತ್ತದೆ. ಆದರೆ ಡೇಟಾಬೇಸ್ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತದೆ. ಸೂಪರ್‌ಕಂಪ್ಯೂಟರಿನ ಉದಾಹರಣೆಯಿಂದ ಇದನ್ನು ನೋಡೋಣ.

ಏನಿದು ಜಾಬ್ ಶೆಡ್ಯೂಲರ್?
ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಪರಮ್ ಪ್ರವೇಗ'ದಂಥ ಯಂತ್ರವನ್ನು ಅನೇಕ ಸಂಶೋಧಕರು ಹಂಚಿಕೊಂಡು ಬಳಸುತ್ತಾರೆ. ಯಾರ ಕೆಲಸ ಯಾವಾಗ ಎಂದು ಸರದಿ ಗೊತ್ತುಮಾಡುವ ತಂತ್ರಾಂಶವೇ ಜಾಬ್ ಶೆಡ್ಯೂಲರ್. ಇವುಗಳಲ್ಲಿ 'ಸ್ಲರ್ಮ್' ಪ್ರಸಿದ್ಧ. ಯಾರು, ಎಷ್ಟು ಹೊತ್ತು, ಎಷ್ಟು ಪ್ರೊಸೆಸರ್ ಬಳಸಿದರು ಎಂಬ ಲೆಕ್ಕವನ್ನು ಅದು ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಡೇಟಾಬೇಸ್‌ನಲ್ಲಿ ಇಡಬಲ್ಲದು. ಒಂದು ಜಾಬ್‌ನಲ್ಲಿ ಹಲವು 'ಸ್ಟೆಪ್'ಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಸಾಲು. ಇಷ್ಟು ಹಳೆಯದನ್ನು ಅಳಿಸು ಎಂದು ನಾವು ಹೇಳದ ಹೊರತು ಸ್ಲರ್ಮ್ ಇವನ್ನು ಅಳಿಸುವುದಿಲ್ಲ. ಹೀಗೆ ಬೆಳೆದ ಡೇಟಾಬೇಸ್‌ನಿಂದ ವರದಿ ತೆಗೆಯುವುದೂ ನಿಧಾನ, ಹೊಸ ಆವೃತ್ತಿಗೆ ಬದಲಾಯಿಸುವುದೂ ನಿಧಾನ.

ನಂಬಿಕೆ 1: ಅಳಿಸಿದರೆ ಫೈಲ್ ಚಿಕ್ಕದಾಗುತ್ತದೆ
ಇಲ್ಲ. ಪ್ರಯಾಣಿಕರು ಇಳಿದರೆ ಸೀಟು ಖಾಲಿಯಾಗುತ್ತದೆಯೇ ಹೊರತು ಬಸ್ಸು ಚಿಕ್ಕದಾಗುವುದಿಲ್ಲ. ಖಾಲಿ ಜಾಗದಲ್ಲಿ ಮುಂದಿನ ದಾಖಲೆಗಳು ಕೂರುತ್ತವೆ. ಫೈಲ್ ಕುಗ್ಗಬೇಕೆಂದರೆ ಟೇಬಲ್ ಅನ್ನು ಮರಳಿ ಕಟ್ಟಬೇಕು, ಅದಕ್ಕೆ ಡಿಸ್ಕ್‌ನಲ್ಲಿ ಹೆಚ್ಚುವರಿ ಜಾಗ ಬೇಕು. ಡಿಸ್ಕ್ ತುಂಬುವವರೆಗೆ ಕಾದರೆ ಆ ದಾರಿಯೂ ಮುಚ್ಚುತ್ತದೆ.

ನಂಬಿಕೆ 2: ಎಲ್ಲವನ್ನೂ ಒಂದೇ ಸಲ ಅಳಿಸಿದರೆ ಕೆಲಸ ಮುಗಿಯಿತು
ಇದು ಅಪಾಯಕಾರಿ. ವರ್ಷಗಟ್ಟಲೆಯ ದಾಖಲೆ ಒಟ್ಟಿಗೆ ಅಳಿಸಲು ಹೊರಟರೆ ಡೇಟಾಬೇಸ್ ಬಹಳ ಹೊತ್ತು ಸಿಕ್ಕಿಹಾಕಿಕೊಳ್ಳಬಹುದು. ಆಗ ಹೊಸ ಜಾಬ್‌ಗಳ ಲೆಕ್ಕ ಸ್ಲರ್ಮ್‌ನ ಮುಖ್ಯ ಸರ್ವರಿನ ಮೆಮೊರಿಯಲ್ಲಿ ಕಾಯುತ್ತದೆ. ಅದಕ್ಕೂ ಮಿತಿಯಿದೆ, ದಾಟಿದರೆ ಕೆಲವು ದಾಖಲೆಗಳು ಕಳೆದುಹೋಗುತ್ತವೆ. ಆದ್ದರಿಂದ ಮೊದಲು 5 ವರ್ಷಕ್ಕಿಂತ ಹಳೆಯದು, ಆಮೇಲೆ 4, ಆಮೇಲೆ 3 ಎಂದು ಹಂತಹಂತವಾಗಿ ಇಳಿಸುವುದು ಒಳ್ಳೆಯದು.

ನಂಬಿಕೆ 3: ಅಳಿಸಿದರೆ ಲೆಕ್ಕವೆಲ್ಲ ಹೋಗುತ್ತದೆ
ಅರ್ಧ ಸತ್ಯ. ಗಂಟೆ, ದಿನ, ತಿಂಗಳ ಒಟ್ಟು ಬಳಕೆ ಬೇರೆ ಟೇಬಲ್‌ಗಳಲ್ಲಿರುತ್ತದೆ, ಅವನ್ನು ಬೇರೆಯಾಗಿ ಅಳಿಸಿದರೆ ಮಾತ್ರ ಹೋಗುತ್ತವೆ. ಆದರೆ ಒಂದೊಂದು ಜಾಬ್‌ನ ವಿವರ ಹೋಗುತ್ತದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಎರಡು ವರ್ಷದ ಹಿಂದಿನ ವಿವರ ಬೇಕಾಗಬಹುದು. ಅದಕ್ಕೇ ಅಳಿಸುವ ಮುನ್ನ 'ಆರ್ಕೈವ್' ಸೌಲಭ್ಯ ಆನ್ ಆಗಿದೆಯೇ ನೋಡಬೇಕು.

ನಮ್ಮ ಫೋನಿನ ಕಥೆ?
ಫೋನಿನ ಅನೇಕ ಆ್ಯಪ್‌ಗಳು ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೂ ಅದರ ಸೆಟ್ಟಿಂಗ್ ಅವಲಂಬಿಸಿ ಇದೇ ಗುಣ ಇರಬಹುದು. ಮೆಸೇಜ್ ಅಳಿಸಿದರೂ ಸ್ಟೋರೇಜ್ ಅಂಕಿ ಇಳಿಯದಿದ್ದರೆ ಫೋನು ಕೆಟ್ಟಿದೆ, ವೈರಸ್ ಬಂದಿದೆ ಎಂದು ಗಾಬರಿಯಾಗಬೇಡಿ. ಸೀಟು ಖಾಲಿಯಾಗಿದ್ದು, ಬಸ್ಸು ಅಷ್ಟೇ ಇರಬಹುದು.