ಗಲ್ಲಿಗೂ ಘಟ್ಟಕ್ಕೂ ಕಾಂಕ್ರೀಟ್ ಒಯ್ಯುವ ಪಂಪು

ಹಸಿ ಕಾಂಕ್ರೀಟನ್ನು ಉಕ್ಕಿನ ಕೊಳವೆಯೊಳಗೆ ನೂಕಿ ದೂರಕ್ಕೋ ಎತ್ತರಕ್ಕೋ ಮುಟ್ಟಿಸುವ ಯಂತ್ರವೇ ಕಾಂಕ್ರೀಟ್ ಪಂಪು. ಲಾರಿ ನಿಲ್ಲುವ ಜಾಗಕ್ಕೂ ಕಾಂಕ್ರೀಟ್ ಬೀಳಬೇಕಾದ ಜಾಗಕ್ಕೂ ನಡುವೆ ದಾರಿಯೇ ಇಲ್ಲದಾಗ ಅದರ ಬೆಲೆ ಗೊತ್ತಾಗುತ್ತದೆ. ಬೆಳಗಾವಿ ಸೀಮೆಯಲ್ಲಿ ಅಂಥ ಜಾಗಗಳು ಎರಡು ಬಗೆ. ಗಣಪತಿ ಗಲ್ಲಿ, ರಾಮದೇವ ಗಲ್ಲಿ, ಶಹಾಪುರದ ಹಳೆ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಖಾನಾಪುರ ದಾಟಿ ಲೋಂಡಾ, ಕಣಕುಂಬಿ ಕಡೆ ಹೋದರೆ ಹಳ್ಳ, ಇಳಿಜಾರು, ಕಾಡು.

ಸಾವಿರ ಚದರಡಿಯ ಒಂದು ಸ್ಲ್ಯಾಬನ್ನು 5 ಇಂಚು ದಪ್ಪಕ್ಕೆ ಹಾಕಲು ಸುಮಾರು 12 ಘನ ಮೀಟರ್ ಕಾಂಕ್ರೀಟ್ ಬೇಕು. ಅದರ ತೂಕ 28 ಟನ್ನಿಗೆ ಹತ್ತಿರ. ಬುಟ್ಟಿಗೆ 20 ಕೆ.ಜಿ. ಹಿಡಿದರೂ ಸಾವಿರದ ನಾನೂರು ಬುಟ್ಟಿ ತಲೆಯ ಮೇಲೆ ಏಣಿ ಹತ್ತಬೇಕು. ಗಂಟೆಗೆ 30 ಘನ ಮೀಟರ್ ನೂಕಬಲ್ಲ ಪಂಪನ್ನು ಹರಡುವವರ ಕೈಗೆ ಹೊಂದುವಷ್ಟು ನಿಧಾನ ಮಾಡಿದರೂ ಕೆಲಸ ಒಂದೆರಡು ತಾಸಿನಲ್ಲಿ ಮುಗಿಯುತ್ತದೆ. ಇಲ್ಲಿ ಉಳಿಯುವುದು ದುಡಿಮೆಯಷ್ಟೇ ಅಲ್ಲ, ಬೇಗ ಸುರಿದ ಸ್ಲ್ಯಾಬು ಒಂದೇ ಹಾಸಾಗಿ ಕೂಡುತ್ತದೆ. ಮೊದಲು ಸುರಿದದ್ದು ಬಿಗಿದ ಮೇಲೆ ಹೊಸದನ್ನು ಸುರಿದರೆ ಎರಡೂ ಒಂದಾಗದೆ ನಡುವೆ ಸಂದು ಉಳಿಯುತ್ತದೆ. ಮಳೆಗಾಲದಲ್ಲಿ ಸ್ಲ್ಯಾಬ್ ಸೋರುವುದು ಬಹಳ ಸಲ ಆ ಸಂದಿನಿಂದಲೇ.

1927ರಲ್ಲಿ ಜರ್ಮನಿಯ ಮ್ಯಾಕ್ಸ್ ಗೀಸೆ ಮತ್ತು ಫ್ರಿಟ್ಸ್ ಹೆಲ್ ಕಾಂಕ್ರೀಟನ್ನು 38 ಮೀಟರ್ ಎತ್ತರಕ್ಕೆ, 120 ಮೀಟರ್ ದೂರಕ್ಕೆ ಪಂಪು ಮಾಡಿ ತೋರಿಸಿದರು. 1950ರ ದಶಕದಲ್ಲಿ ಎಣ್ಣೆಯ ಒತ್ತಡದಿಂದ, ಅಂದರೆ ಹೈಡ್ರಾಲಿಕ್ಸ್‌ನಿಂದ, ನಡೆಯುವ ಜೋಡಿ ಸಿಲಿಂಡರಿನ ಪಂಪು ಬಂತು. ಇಂದಿನ ಪಂಪುಗಳ ಒಡಲೂ ಅದೇ. ಹಾಪರ್ ಎಂಬ ತೊಟ್ಟಿಯಲ್ಲಿ ಸುರಿದ ಕಾಂಕ್ರೀಟನ್ನು ಒಂದು ಪಿಸ್ಟನ್ ಹಿಂದೆ ಸರಿದು ತನ್ನ ಸಿಲಿಂಡರಿಗೆ ಎಳೆದುಕೊಳ್ಳುವಾಗ ಇನ್ನೊಂದು ಪಿಸ್ಟನ್ ತನ್ನಲ್ಲಿರುವುದನ್ನು ಕೊಳವೆಗೆ ತಳ್ಳುತ್ತದೆ. ಹಾಪರಿನೊಳಗಿನ ಡೊಂಕು ಕೊಳವೆಯೊಂದು ಪ್ರತಿ ಸರದಿಗೂ ಅತ್ತಿತ್ತ ತಿರುಗಿ, ತಳ್ಳುವ ಸಿಲಿಂಡರಿನ ಬಾಯಿಗೇ ಬಂದು ಕೂರುತ್ತದೆ. ಈ ಯಂತ್ರವಿದ್ಯೆ ಬೆಳಗಾವಿಗೆ ಅಪರಿಚಿತವಲ್ಲ. ಖಾನಾಪುರ ರಸ್ತೆಯ ಉದ್ಯಮಬಾಗ, ಮಚ್ಛೆ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳು ಹೈಡ್ರಾಲಿಕ್ ವಾಲ್ವು, ಬಿಡಿಭಾಗಗಳಿಗೆ ಹೆಸರಾಗಿವೆ. ಘಟ್ಟ ಇಳಿದರೆ ಗೋವೆಯ ವೆರ್ಣಾದಲ್ಲಿ ಕಾಂಕ್ರೀಟ್ ಪಂಪುಗಳ ಕಾರ್ಖಾನೆಯೇ ಇದೆ.

ಪಂಪಿನ ಬಲ ಎಷ್ಟೇ ಇರಲಿ, ಕಾಂಕ್ರೀಟ್ ಜಾರದಿದ್ದರೆ ಎಲ್ಲ ವ್ಯರ್ಥ. ಕೊಳವೆಯಲ್ಲಿ ಅದು ನೀರಿನಂತೆ ಹರಿಯುವುದಿಲ್ಲ, ದಿಂಡಿನಂತೆ ಇಡಿಯಾಗಿ ಸರಿಯುತ್ತದೆ. ದಿಂಡಿಗೂ ಕೊಳವೆಯ ಗೋಡೆಗೂ ನಡುವೆ ಸಿಮೆಂಟು, ನುಣ್ಣನೆಯ ಉಸುಕು ಮತ್ತು ನೀರು ಕಲೆತ ಕೆಲವೇ ಮಿಲಿಮೀಟರ್ ದಪ್ಪದ ಲೇಪವಿರುತ್ತದೆ. ಸರಿದಾಟವೆಲ್ಲ ನಡೆಯುವುದು ಆ ಲೇಪದಲ್ಲಿ. ಆದ್ದರಿಂದಲೇ ಪಂಪು ಶುರುವಾಗುವ ಮೊದಲು ಕೊಳವೆಗೆ ಸಿಮೆಂಟಿನ ಗಂಜಿ ಹಾಯಿಸುತ್ತಾರೆ. ಖಡಿಯ ಗಾತ್ರ ಕೊಳವೆಯ ಒಳವ್ಯಾಸದ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು. ನುಣ್ಣನೆಯ ಕಣಗಳು ಸಾಕಷ್ಟಿರಬೇಕು. ಹಾರುಬೂದಿಯ ದುಂಡನೆಯ ಕಣಗಳು ಇಲ್ಲಿ ಬಹಳ ನೆರವಾಗುತ್ತವೆ. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡಿನ ಕಣಗಳು ಮೂಲೆಮೂಲೆಯಾಗಿರುವುದರಿಂದ ನದಿಯ ಉಸುಕಿನ ಲೆಕ್ಕವನ್ನು ಅದಕ್ಕೆ ಹಾಗೇ ಹಚ್ಚಲಾಗದು. ಕಾಂಕ್ರೀಟ್ ಗಟ್ಟಿ ಎನಿಸಿದೊಡನೆ ಪೈಪು ಹಿಡಿದು ನೀರು ಬಿಡುವ ರೂಢಿ ಮಾತ್ರ ಎರಡು ಬಗೆಯಲ್ಲಿ ಕೆಡುಕು. ಕಟ್ಟಡದ ಬಲ ಕುಗ್ಗುತ್ತದೆ. ಜೊತೆಗೆ, ಒತ್ತಡ ಬಿದ್ದಾಗ ನೀರು ಮುಂದೆ ಓಡಿ ಖಡಿ ಹಿಂದೆ ಉಳಿದು, ಕೊಳವೆಯೂ ಕಟ್ಟಿಕೊಳ್ಳುತ್ತದೆ.

ಮಡಚುವ ತೋಳಿನ ಬೂಮ್ ಪಂಪು ಬಯಲು ನಿವೇಶನಕ್ಕೆ ಹೇಳಿ ಮಾಡಿಸಿದ ಯಂತ್ರ. ತೋಳು ಬಿಚ್ಚುವ ಮುನ್ನ ಅದು ನಾಲ್ಕೂ ಕಾಲುಗಳನ್ನು ಹಲವು ಮೀಟರ್ ಅಗಲಕ್ಕೆ ಚಾಚಬೇಕು. ಮೇಲೆ ವಿದ್ಯುತ್ ತಂತಿ ಇರಬಾರದು. ಶಹಾಪುರ, ವಡಗಾವಿ ಸುತ್ತಲಿನ ಎರೆಭೂಮಿ ಮಳೆ ಕುಡಿದಾಗ ಕಾಲುಗಳ ಕೆಳಗೆ ದಪ್ಪ ಹಲಗೆ ಹಾಸದಿದ್ದರೆ ಕಾಲು ಹೂತು ಪಂಪೇ ಮಗುಚಬಹುದು. ಗಲ್ಲಿಗೆ ಒಗ್ಗುವುದು ಟ್ರೇಲರ್ ಪಂಪು. ಅದನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ, ಪೈಪಿಗೆ ಪೈಪು ಜೋಡಿಸುತ್ತ ಗೋಡೆಬದಿಯಿಂದ ಮಾಳಿಗೆಗೆ ಏರಿಸುತ್ತಾರೆ. 125 ಮಿ.ಮೀ. ವ್ಯಾಸದ ಕೊಳವೆ 100 ಮೀಟರ್ ಉದ್ದವಿದ್ದರೆ ಅದರ ಹೊಟ್ಟೆಯಲ್ಲೇ 1.2 ಘನ ಮೀಟರ್, ಅಂದರೆ ಸುಮಾರು 3 ಟನ್ ಕಾಂಕ್ರೀಟ್ ಇರುತ್ತದೆ. ಒಂದು ಮೀಟರ್ ಏರಿಸಲು ಬರೀ ತೂಕಕ್ಕೇ ಕಾಲು ಬಾರ್‌ನಷ್ಟು ಒತ್ತಡ ಬೇಕು, ಘರ್ಷಣೆಯ ಲೆಕ್ಕ ಬೇರೆ. ಕೊಳವೆಯ ಪ್ರತಿ ಕಾಟಕೋನದ ತಿರುವೂ ಸುಮಾರು 3 ಮೀಟರ್ ಉದ್ದಕ್ಕೆ ಸಮ.

ಘಟ್ಟದ ಕಡೆ ಏರಿಸುವುದಕ್ಕಿಂತ ಇಳಿಸುವುದೇ ಕಠಿಣ. ಹಳ್ಳದ ತಳದಲ್ಲಿ ಸೇತುವೆಯ ಕಂಬಕ್ಕೆ ಬುನಾದಿ ಹಾಕಬೇಕು, ಲಾರಿ ಮಾತ್ರ ಮೇಲಿನ ರಸ್ತೆಯಲ್ಲೇ ನಿಲ್ಲುತ್ತದೆ ಎಂದಿಟ್ಟುಕೊಳ್ಳಬಹುದು. ಇಳಿಜಾರಿನ ಕೊಳವೆಯಲ್ಲಿ ಕಾಂಕ್ರೀಟ್ ತನ್ನ ಭಾರಕ್ಕೆ ತಾನೇ ಜಾರಿ, ಹಿಂದೆ ಪೊಳ್ಳು ಬಿಡುತ್ತದೆ. ಆ ಪೊಳ್ಳಿನಲ್ಲಿ ಖಡಿ ಬೇರೆ, ಗಾರೆ ಬೇರೆಯಾಗಿ ಕೊಳವೆ ಬಿಗಿಯುತ್ತದೆ. ಇದಕ್ಕೆ ಕೆಳಗಿನ ತುದಿಯಲ್ಲಿ ಅಡ್ಡ ಕೊಳವೆ, ತಿರುವುಗಳನ್ನು ಇಟ್ಟು ಎದುರೊತ್ತು ಹುಟ್ಟಿಸುತ್ತಾರೆ. ಮೇಲ್ತುದಿಯ ತಿರುವಿನಲ್ಲಿ ಗಾಳಿ ಬಿಡುವ ವಾಲ್ವು ಹಾಕುತ್ತಾರೆ.

ಇನ್ನೊಂದು ಅಡ್ಡಿ ಹೊತ್ತು. ಭಾರತೀಯ ಮಾನಕ 4926ರ ಪ್ರಕಾರ ಆರ್‌ಎಂಸಿಯನ್ನು, ಅಂದರೆ ಬೇರೆಡೆ ಕಲಸಿ ಲಾರಿಯಲ್ಲಿ ತರುವ ಸಿದ್ಧ ಕಾಂಕ್ರೀಟನ್ನು, ಸಾಮಾನ್ಯವಾಗಿ ಲಾರಿಗೆ ತುಂಬಿದ 2 ಗಂಟೆಯೊಳಗೆ ಸುರಿದು ಮುಗಿಸಬೇಕು. ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿ.ಮೀ.; ಅಲ್ಲಿಯವರೆಗೆ ಚಿಂತೆಯಿಲ್ಲ. ಅದರಾಚೆಯ ಕಾಡುದಾರಿಗೆ ಬಿಗಿತವನ್ನು ತಡಮಾಡುವ ರಾಸಾಯನಿಕ ಬೆರೆಸಬೇಕು, ಇಲ್ಲವೇ ಕೆಲಸದ ಜಾಗದಲ್ಲೇ ಮಿಕ್ಸರ್ ಹೂಡಿ ಸಣ್ಣ ಪಂಪಿಗೆ ಉಣಿಸಬೇಕು. ಟ್ರೇಲರ್ ಪಂಪೂ ಹಲವು ಟನ್ ತೂಗುವುದರಿಂದ ಅದಕ್ಕೂ ರಸ್ತೆ ಬೇಕೇ ಬೇಕು. ಭೀಮಗಡ ವನ್ಯಧಾಮದೊಳಗಿನ ಊರುಗಳ ಕಾಲುದಾರಿಗಳಲ್ಲಿ ಅದು ಸಾಗದು.

ಕೊಳವೆ ಕಟ್ಟಿಕೊಂಡರೆ ಮೊದಲು ಪಂಪನ್ನು ಹಿಂದಕ್ಕೆ ನಡೆಸಿ ಒತ್ತಡ ಇಳಿಸಬೇಕು. ಆಮೇಲೆ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಸಪ್ಪೆ ಸದ್ದು ಬರುವಲ್ಲಿ ಗಂಟು ಸಿಗುತ್ತದೆ. ಒತ್ತಡವಿರುವಾಗಲೇ ಕ್ಲ್ಯಾಂಪ್ ಬಿಚ್ಚಿದರೆ ಖಡಿ ಗುಂಡಿನಂತೆ ಸಿಡಿಯುತ್ತದೆ. ಕೆಲಸ ಮುಗಿದ ಮೇಲೆ ಕೊಳವೆಗೆ ಸ್ಪಂಜಿನ ಚೆಂಡು ತುರುಕಿ ನೀರಿನಿಂದಲೋ ಗಾಳಿಯಿಂದಲೋ ತಳ್ಳಿ ತೊಳೆಯುತ್ತಾರೆ. ಗಾಳಿಯಿಂದ ತಳ್ಳುವಾಗ ಕೊನೆಯ ರಬ್ಬರ್ ಪೈಪನ್ನು ತೆಗೆದಿರಬೇಕು, ಎದುರಿಗೆ ಯಾರೂ ನಿಲ್ಲಬಾರದು. ತೊಳೆದ ನೀರು ಸುಣ್ಣದ ತಿಳಿಯಷ್ಟೇ ಕ್ಷಾರ. ಕಣಕುಂಬಿಯಿಂದ ಹರಿದು ಬರುವ ಮಲಪ್ರಭೆಗೋ ಅದನ್ನು ಸೇರುವ ಹಳ್ಳಗಳಿಗೋ ಅದು ಇಳಿದರೆ ಮೀನು ಸಾಯುತ್ತವೆ. ಹಾಗಾಗಿ ದಂಡೆಯಿಂದ ದೂರ ಗುಂಡಿ ತೋಡಿ, ತಳಕ್ಕೆ ತಾಡಪತ್ರಿ ಹಾಸಿ ಆ ನೀರನ್ನು ಅಲ್ಲೇ ನಿಲ್ಲಿಸಬೇಕು. ಗಟ್ಟಿಯಾದ ಗಸಿಯನ್ನು ಒಡೆದು ತುಂಬುಮಣ್ಣಿಗೆ ಬಳಸಬಹುದು.